ಲೇಬಲ್ಲೇ ಇರಲಿ

ಗಂಡನ ಪೋಕರ್ ಆಟಕ್ಕೆ ಹೊಸ ಚಿಪ್ಸ್, ಅಂದರೆ ಪಣಕ್ಕಿಡುವ ಬಿಲ್ಲೆಗಳನ್ನು, ಮಾಡಿಸಲು ಬಂದಿದ್ದವಳ ಮುಂದೆ ಅಂಗಡಿಯವನು ಎರಡು ಮಾದರಿ ಇಟ್ಟ.

"ಇದು ಲೇಬಲ್, ಮೇಲೆ ಅಂಟಿಸಿರೋದು. ಇದು ಇನ್‌ಲೇ, ಚಿತ್ರ ಚಿಪ್ ಒಳಗೇ ಕೂತಿರುತ್ತೆ. ಯಾವುದು ಮಾಡ್ಲಿ ಮೇಡಂ?"

"ಲೇಬಲ್."

"ಅದು ಬೇಗ ಕಿತ್ತು ಬರುತ್ತೆ."

"ಬರಲಿ. ಸೋಲ್ತಾ ಇದ್ರೆ ಅವರಿಗೆ ಉಗುರಲ್ಲಿ ಕೆರೆಯೋ ಅಭ್ಯಾಸ. ದಿನಾ ಪಕ್ಕದಲ್ಲೇ ಕೂತಿರ್ತೀನಲ್ಲ."

"ಹಾಗಿದ್ರೆ ಇನ್‌ಲೇನೇ ತಗೊಳ್ಳಿ. ಉಗುರಿಗೆ ಏನೂ ಸಿಗಲ್ಲ."

"ಈಗ ಮನೇಲಿರೋದು ಅದೇ. ಅದಕ್ಕೇ ಬೇಡ."

ಅವಳು ಲೇಬಲ್ಲಿನ ಅಂಚಿಗೆ ಉಗುರು ಕೊಟ್ಟು ನೋಡಿದಳು. ಅದು ಸಲೀಸಾಗಿ ಎದ್ದಿತು.

"ಇದೇ ಇರಲಿ," ಎಂದು ಆರ್ಡರ್ ಚೀಟಿಗೆ ಸಹಿ ಹಾಕಲು ಪೆನ್ನಿಗೆ ಕೈ ಚಾಚಿದಳು. ಕುರ್ತಾದ ಉದ್ದ ತೋಳು ಮೇಲೆ ಸರಿಯಿತು. ಮಣಿಕಟ್ಟಿನಿಂದ ಮೊಣಕೈವರೆಗೂ ಉಗುರಿನ ಗೀರುಗಳಿದ್ದವು.