ಬೆನಿಗ್ನೊನ ಸರದಿ

"ಲಿವರ್ ಸಿಕ್ತು! ಎರಡು ಗಂಟೆಯೊಳಗೆ ಓವಿಯೆಡೊ ಆಸ್ಪತ್ರೇಲಿ ಇರ್ಬೇಕಂತೆ!"

ದೋಣಿಗಳಿಗೆ ಬಣ್ಣ ಬಳಿಯುವ ಬೆನಿಗ್ನೊ ಫೋನು ಹಿಡಿದೇ ಏದುಸಿರು ಬಿಡುತ್ತ ಬೀದಿಗೆ ಬಂದ. ಲುಆರ್ಕಾದ ಬಂದರು ಬೀದಿ ಹೋ ಎಂದಿತು. ಯಾರೋ ಚಪ್ಪಾಳೆ ತಟ್ಟಿದರು, ಯಾರೋ ಟ್ಯಾಕ್ಸಿಗೆ ಕೂಗಿದರು. ಟ್ಯಾಕ್ಸಿ ಎಲ್ಲಿಂದ ಬರಬೇಕು? ಸೈಕಲ್ ಪಂದ್ಯಕ್ಕೆಂದು ಪೊಲೀಸರು ಮುಖ್ಯರಸ್ತೆಯನ್ನೇ ಮುಚ್ಚಿದ್ದರು. ಗುಡ್ಡದ ಕಿರುದಾರಿಯಲ್ಲಿ ಕಣ್ಣುಮುಚ್ಚಿ ವ್ಯಾನು ಓಡಿಸಬಲ್ಲವಳು ಅಲ್ಲಿ ಒಬ್ಬಳೇ, ಮೀನಂಗಡಿಯ ಒತಿಲಿಯಾ.

ಎಲ್ಲರೂ ಅವಳತ್ತ ತಿರುಗಿದರು, ತಿರುಗಿದವರು ಹಾಗೇ ನೆಲ ನೋಡಿದರು. ಅವಳ ಗಂಡ ಸೆಲ್ಸೊ ಲಿವರಿಗಾಗಿ ಕಾದು ಕಾದು ತೀರಿಕೊಂಡು ಎರಡು ವರ್ಷವಾಗಿತ್ತು. ಅವನು ಒಂದು ತೊಟ್ಟೂ ಕುಡಿದವನಲ್ಲ. ಬೆನಿಗ್ನೊ ಮೂವತ್ತು ವರ್ಷ ಕುಡಿದು ಲಿವರ್ ಹಾಳುಮಾಡಿಕೊಂಡು, ಈಚೆಗೆ ಬಿಟ್ಟವನು. "ಎಲ್ಲರಿಗೂ ಕೊಟ್ಟು ಮಿಕ್ಕಿದ್ರೆ ಕುಡುಕರಿಗೆ ಕೊಡ್ಲಿ" ಎಂದು ಒತಿಲಿಯಾ ಅವನ ಮುಖಕ್ಕೇ ಹೇಳಿದ್ದಳು. ಬೀದಿಯ ಅರ್ಧ ಜನ ಹೌದೆಂದು ತಲೆದೂಗಿದ್ದರು.

ಒತಿಲಿಯಾ ಅವನ ಕಣ್ಣು ನೋಡಿದಳು. ಅರಿಶಿನದಂತಹ ಹಳದಿ. ಕೊನೆಯ ವಾರ ಸೆಲ್ಸೊನ ಕಣ್ಣೂ ಹೀಗೇ ಇತ್ತು. ಕೈಯಲ್ಲಿದ್ದ ಚಾಕು ಬಿಸಾಕಿದಳು.

"ಬಾಯ್ಬಿಟ್ಕೊಂಡು ಯಾಕೆ ನಿಂತಿದ್ದೀಯ? ಹತ್ತು!"

ವ್ಯಾನು ತಿರುವು ತಿರುವಿನಲ್ಲೂ ಹಾರಿತು. ಹಿಂದೆ ಮೀನಿನ ಪೆಟ್ಟಿಗೆಗಳು ದಡಬಡ ಉರುಳಿದವು. ಅಡ್ಡ ಬಂದ ಹಸುಗಳಿಗೂ ಬೈದಳು, ಪಕ್ಕದಲ್ಲಿದ್ದ ಬೆನಿಗ್ನೊನಿಗೂ ಬೈದಳು. ಬೈಯುತ್ತಲೇ ಅವಳಿಗೆ ಯಾಕೋ ನಗು ಬರುತ್ತಿತ್ತು.

"ನನಗೇ ಯಾಕೆ ಕೊಟ್ರು, ಒತಿಲಿಯಾ?"

"ನನ್ನ ಕೇಳಿದ್ರೆ ನಿನ್ನ ಹೆಸರು ಕೊನೇಲಿರ್ತಿತ್ತು. ಪುಣ್ಯಕ್ಕೆ ಯಾರೂ ಕೇಳ್ಲಿಲ್ಲ, ಕಾಯಿಲೆ ಯಾರಿಗೆ ಜಾಸ್ತಿ ಅಂತಷ್ಟೇ ನೋಡ್ತಾರೆ. ಬೆಲ್ಟ್ ಹಾಕ್ಕೊ!"

ಇನ್ನೂ ಇಪ್ಪತ್ತು ನಿಮಿಷ ಉಳಿದಿರುವಾಗಲೇ ವ್ಯಾನು ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಿತು. ರಕ್ತ ತೆಗೆದರು, ಪರೀಕ್ಷೆ ಮಾಡಿದರು. ಕೊನೆಗೆ ನರ್ಸ್ ಬಂದು "ಎಲ್ಲ ಹೊಂದಿದೆ, ನಡೀರಿ" ಎಂದಾಗ ಬೆನಿಗ್ನೊ ಒತಿಲಿಯಾಳ ಕೈ ಗಟ್ಟಿಯಾಗಿ ಹಿಡಿದ. ಮೀನುವಾಸನೆಯ ಆ ಕೈಯಿಂದ ಅವನನ್ನು ಬಿಡಿಸಿ ಒಳಗೆ ಕರೆದೊಯ್ಯಬೇಕಾಯಿತು.

ನರ್ಸ್ ಆಮೇಲೆ ಎದುರಿನ ಬೆಂಚಿನತ್ತ ಹೋದಳು. ಅಲ್ಲಿ ಗಂಡಹೆಂಡತಿಯಿಬ್ಬರು ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಲಿವರ್ ಮೊದಲನೆಯವರಿಗೆ ಹೊಂದದಿದ್ದರೆ ಗಂಡನಿಗಿರಲಿ ಎಂದು ಕರೆಸಿದ್ದವರು. "ಇವತ್ತು ನೀವು ಮನೆಗೆ ಹೋಗಬಹುದು. ಮತ್ತೆ ಕರೀತೀವಿ."

ಒತಿಲಿಯಾ ಆ ಚೀಲವನ್ನೇ ನೋಡಿದಳು. ಒಮ್ಮೆ ಸೆಲ್ಸೊ ಮತ್ತು ಅವಳು ಹೀಗೇ ಚೀಲ ಎತ್ತಿಕೊಂಡು ವಾಪಸು ಬಂದಿದ್ದರು. ಮತ್ತೆ ಕರೆ ಬರಲೇ ಇಲ್ಲ.

ಗಂಡ ಮೆಲ್ಲಗೆ ಲಿಫ್ಟಿನತ್ತ ನಡೆದ. ಹೆಂಡತಿ ನೇರವಾಗಿ ಒತಿಲಿಯಾಳ ಎದುರು ಬಂದು ನಿಂತಳು. ಕಣ್ಣಲ್ಲಿ ನೀರಿರಲಿಲ್ಲ.

"ಒಳಗೆ ಹೋದವ್ರು... ಒಳ್ಳೆಯವ್ರಾದ್ರೂ ಹೌದಾ?"

ಒತಿಲಿಯಾ ಆ ಹೆಂಗಸಿನ ಎರಡೂ ಕೈ ಹಿಡಿದುಕೊಂಡಳು.

"ಕಾಯಿಲೆಯವ್ನಮ್ಮ," ಎಂದಳು. "ನಿಮ್ಮವರಿಗಿಂತ ಜಾಸ್ತಿ."