ಪ್ಲಗ್ ಕೀಳುವ ಮಾವ

ಇನ್ನೂರ ಹದಿನೆಂಟನೇ ಪುಟದಲ್ಲಿ ಪರದೆ ಒಮ್ಮೆಲೇ ಕಪ್ಪಾಯಿತು. ಜೆರಾಕ್ಸ್ ಯಂತ್ರದ ಹಿಂದಿನಿಂದ ಮಾವ ಎದ್ದರು. ಅಂಗಡಿಯಲ್ಲಿ ಯಾವ ಯಂತ್ರ ಮುನಿಸಿಕೊಂಡರೂ ಮಾಲೀಕರಾದ ಅವರದು ಒಂದೇ ಮದ್ದು, ಪ್ಲಗ್ ಕೀಳುವುದು.

ಕಂಪ್ಯೂಟರ್ ಮುಂದೆ ಅವರ ಅಕ್ಕನ ಮಗಳು ಕೂತಿದ್ದಳು. ಪಕ್ಕದ ಸ್ಟೂಲಿನಲ್ಲಿದ್ದ ಸಂಶೋಧಕಿ ಐದು ವರ್ಷ ಬೆವರು ಸುರಿಸಿ ಬರೆದ ಪ್ರಬಂಧವನ್ನು ಸಂಜೆ ಐದರೊಳಗೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಬೇಕು, ಆಗಲೇ ನಾಲ್ಕೂಕಾಲು. ಮಧ್ಯಾಹ್ನದಿಂದ ಇಬ್ಬರೂ ಕೂತು ತಿದ್ದಿದ್ದರಲ್ಲಿ ಒಂದನ್ನೂ ಹುಡುಗಿ ಸೇವ್ ಮಾಡಿರಲಿಲ್ಲ, ಕೊನೆಗೆ ಒಟ್ಟಿಗೆ ಮಾಡಿದರಾಯಿತು ಎಂಬ ಸೋಮಾರಿತನ. ಪ್ಲಗ್ ಕಿತ್ತರೆ ಅಷ್ಟೂ ಮಣ್ಣುಪಾಲು.

ಹುಡುಗಿ ಕೀಬೋರ್ಡಿನ ಕ್ಯಾಪ್ಸ್ ಲಾಕ್ ಕೀ ಒತ್ತಿದಳು. ಅದರ ಪುಟ್ಟ ದೀಪ ಹತ್ತಿತು. ಇನ್ನೊಮ್ಮೆ ಒತ್ತಿದಳು, ಆರಿತು. ಒಳಗೆ ಜೀವ ಇದೆ. ಗೋಡೆಯತ್ತ ಹೊರಟಿದ್ದ ಮಾವನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಬೇಡ ಮಾವ. ಹತ್ತು ಎಣಿಸಿ."

"ಸತ್ತೇ ಹೋಗಿದೆಯಲ್ಲೇ."

"ಕಂಪ್ಯೂಟರ್ ಸತ್ತಿಲ್ಲ. ಪರದೆ ನೋಡ್ಕೊಳ್ಳೋ ಡ್ರೈವರ್ ಅಂತ ಒಂದು ಸಣ್ಣ ಪ್ರೋಗ್ರಾಂ ಇರುತ್ತೆ, ಅದೊಂದೇ ಬಿದ್ದಿರೋದು. ಎಣಿಸಿ."

ಕೈ ಬಿಡಿಸಿಕೊಳ್ಳಲಾಗದೆ ಮಾವ ಎಣಿಸಿದರು. ಸಂಶೋಧಕಿ ಕಣ್ಣು ಮುಚ್ಚಿಕೊಂಡಳು. ಐದು ದಾಟಿದ ಮೇಲೆ ಮಾವ ಸ್ವಲ್ಪ ಕಳ್ಳಾಟವಾಡಿ ಬೇಗ ಬೇಗ ಎಣಿಸತೊಡಗಿದರು. ಎಂಟಕ್ಕೆ ಪರದೆ ಬೆಳಗಿತು. ಅದೇ ಪುಟ, ಅದೇ ಸಾಲು, ಅರ್ಧಕ್ಕೆ ನಿಂತ ಅದೇ ಪದ. ಮೂಲೆಯಲ್ಲೊಂದು ಸಣ್ಣ ಸೂಚನೆ: ಡ್ರೈವರ್ ನಿಂತುಹೋಗಿತ್ತು, ಮತ್ತೆ ಶುರುವಾಗಿದೆ.

ಸಂಶೋಧಕಿ ಮೊದಲು ನಕ್ಕಳು, ಆಮೇಲೆ ಸ್ವಲ್ಪ ಅತ್ತಳು. ಒಳಗೆ ರಿಪೇರಿ ಮಾಡಿದವರು ಯಾರೆಂದು ಮಾವನಿಗೆ ತಿಳಿಯಬೇಕಿತ್ತು. ಹಿಂದೆಲ್ಲ ಒಂದು ಡ್ರೈವರ್ ಬಿದ್ದರೆ ಇಡೀ ಯಂತ್ರವೇ ಮಕಾಡೆ ಮಲಗುತ್ತಿತ್ತಂತೆ. ಈಗಿನ ಯಂತ್ರ ಬಿದ್ದದ್ದನ್ನಷ್ಟೇ ಪಕ್ಕಕ್ಕೆ ಸರಿಸಿ, ಹೊಸದಾಗಿ ಎಬ್ಬಿಸಿ, ಪರದೆಯನ್ನು ಮತ್ತೆ ಅದರ ಕೈಗೆ ಒಪ್ಪಿಸುತ್ತದೆ; ಉಳಿದ ಪ್ರೋಗ್ರಾಂಗಳ ಕೆಲಸ ಕೆಡುವುದಿಲ್ಲ ಎಂದು ಹುಡುಗಿ ವಿವರಿಸಿದಳು.

"ತಪ್ಪು ಮಾಡಿದ್ದಕ್ಕೆ ಅದನ್ನ ಬೈಯೋದೇ ಇಲ್ವಾ?" ಎಂದರು ಮಾವ. ಅವರ ಬೈಗುಳಕ್ಕೆ ಬೀದಿಯೇ ಹೆದರುತ್ತಿತ್ತು.

"ಬೈಯೋಕೆ ಪುರುಸೊತ್ತೆಲ್ಲಿ ಮಾವ, ಕೆಲಸ ನಿಂತಿರುತ್ತಲ್ಲ."

ಹಾಗಾದರೆ ತಾನು ಪ್ಲಗ್ ಕಿತ್ತಿದ್ದರೆ ಏನಾಗುತ್ತಿತ್ತು ಎಂದು ಮಾವ ಕೇಳಿದರು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಮಧ್ಯಾಹ್ನದಿಂದ ಒಂದಕ್ಷರವೂ ಸೇವ್ ಆಗಿಲ್ಲವೆಂದು ಅವಳು ತಲೆ ತಗ್ಗಿಸಿ ಒಪ್ಪಿಕೊಂಡಳು.

ಮಾವನ ಮುಖ ಕೆಂಪಾಯಿತು. ಬಾಯಿ ತೆರೆದರು. ಗಡಿಯಾರ ನೋಡಿದರು, ಸಂಶೋಧಕಿಯನ್ನು ನೋಡಿದರು, ನಾಲಿಗೆಯ ತುದಿಗೆ ಬಂದದ್ದನ್ನು ಕಷ್ಟಪಟ್ಟು ನುಂಗಿಕೊಂಡರು.

"ಈಗ ಸೇವ್ ಮಾಡು," ಎಂದರು.