ಕಂಬಕ್ಕೆ ಗುದ್ದಿದ ಕಾರು

ಬಿಳಿ ಕಾರು ಗ್ಯಾರೇಜಿನ ಬಾಗಿಲಿಗೆ ಬಂದು ನಿಂತ ಕೂಡಲೇ ನೆಗ್ಗಣ್ಣ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದ. ಎಡಗಡೆಯ ದೀಪ ಒಡೆದಿತ್ತು. ಅದರ ಪಕ್ಕದ ತಗಡು ಒಳಕ್ಕೆ ಕುಸಿದಿತ್ತು.

"ಕಂಬಕ್ಕೆ ಗುದ್ದಿಬಿಟ್ಟೆ," ಎಂದ ಕಾರಿನವನು, ಕೀಲಿ ಚಾಚುತ್ತಾ. ಮುಖ ಕೊಟ್ಟು ಮಾತಾಡಲಿಲ್ಲ.

ನೆಗ್ಗಣ್ಣ ಬಗ್ಗಿ ನೋಡಿದ. ಗಾಡಿಗಳ ನೆಗ್ಗು ತಟ್ಟಿ ತಟ್ಟಿ ತಲೆ ನೆರೆತವನು. ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತುಹೋಗಿತ್ತು. ಕಂಬಕ್ಕೆ ಗುದ್ದಿದರೆ ತಗಡು ಆಳವಾಗಿ, ಚೂಪಾಗಿ ಮಡಚಿಕೊಳ್ಳುತ್ತದೆ. ಮನುಷ್ಯನಿಗೆ ಗುದ್ದಿದರೆ ಹಾಗಲ್ಲ. ಅಗಲವಾಗಿ, ತಟ್ಟೆಯಂತೆ ತಗ್ಗಾಗುತ್ತದೆ. ಇದು ತಟ್ಟೆಯಂತಿತ್ತು. ಒಡೆದ ದೀಪದ ಸಂದಿಯಲ್ಲಿ ಹಳದಿ ಉಣ್ಣೆಯ ಒಂದೆಳೆ ಸಿಕ್ಕಿಕೊಂಡಿತ್ತು.

ಮಗ ಸಾಯುವಾಗ ಹಳದಿ ಸ್ವೆಟರ್ ಹಾಕಿದ್ದ.

ಇಷ್ಟು ದಿನ ನೆಗ್ಗಣ್ಣ ಜೀವ ಹಿಡಿದುಕೊಂಡಿದ್ದದ್ದೇ ಈ ಗಳಿಗೆಗಾಗಿ. ರಸ್ತೆ ದಾಟುತ್ತಿದ್ದ ಒಬ್ಬನೇ ಮಗನನ್ನು ಕೆಡವಿ ಓಡಿಹೋದ ಬಿಳಿ ಕಾರು, ಎಂದಾದರೊಂದು ದಿನ ತಟ್ಟಿಸಿಕೊಳ್ಳಲು ಬರಲೇಬೇಕು. ಸುತ್ತಮುತ್ತ ತಗಡು ತಟ್ಟುವವನು ತಾನೊಬ್ಬನೇ. ಪೊಲೀಸರು ಕೈಚೆಲ್ಲಿದರೆ ಚೆಲ್ಲಲಿ. ಅವನಿಗೆ ನ್ಯಾಯ ಗೀಯ ಬೇಕಿರಲಿಲ್ಲ. ದೊಡ್ಡ ಸುತ್ತಿಗೆ ಸಾಕಿತ್ತು.

ಬೆನ್ನ ಹಿಂದೆ ಊಟದ ಡಬ್ಬಿ ತೆರೆದ ಸದ್ದಾಯಿತು. "ಕೈ ತೊಳ್ಕೊಂಡು ಬಾ ತಮ್ಮಾ, ಆರಿಹೋಗುತ್ತೆ."

ಅವರು ಕನ್ನಡಕದವರು. ಪಕ್ಕದ ಊರಿನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಹಿರಿಯರು, ಕತ್ತಿನಲ್ಲಿ ಸಣ್ಣದೊಂದು ಶಿಲುಬೆ. ಈ ಗ್ಯಾರೇಜಿಗೆ ಅವರು ಮೊದಲ ಸಲ ಕಾಲಿಟ್ಟದ್ದು ನೆಗ್ಗಣ್ಣನ ಮಗ ಸತ್ತ ಮರುದಿನ. ಏನೋ ಕೇಳಲು ಬಂದವರು, ಅಂಗಳದಲ್ಲಿ ಹೆಣ ಕಂಡು ಬಾಗಿಲಲ್ಲೇ ನಿಂತುಬಿಟ್ಟರು. ಹೊರಲು ಜನ ಸಾಲದಾಗಿತ್ತು. ಗುರುತು ಪರಿಚಯವಿಲ್ಲದ ಮನುಷ್ಯ ಮಾತಿಲ್ಲದೆ ಬಂದು ಹೆಗಲು ಕೊಟ್ಟರು. ಕೇಳಬೇಕೆಂದು ಬಂದದ್ದನ್ನು ಮತ್ತೆಂದೂ ಕೇಳಲೇ ಇಲ್ಲ. ಆಮೇಲೆ ದಿನವೂ ಡಬ್ಬಿ ಹಿಡಿದು ಬರತೊಡಗಿದರು.

ಹೆಂಡತಿ ಮೊದಲೇ ತೀರಿಕೊಂಡಿದ್ದಳು. ನೆಗ್ಗಣ್ಣನಿಗೆ ಉಂಡೆಯಾ ಎಂದು ಕೇಳುವವರಿರಲಿಲ್ಲ. ಆದರೂ ಒಮ್ಮೆ ಡಬ್ಬಿಯನ್ನು ಜಾಡಿಸಿ ಒದ್ದಿದ್ದ. ಅವರು ಚೆಲ್ಲಿದ್ದನ್ನು ಬಳಿದು ಹೋದರು, ಮರುದಿನ ಮತ್ತೆ ತಂದರು. ಇಂಥ ಮೊಂಡರನ್ನು ಏನು ಮಾಡುವುದು?

"ನಿಮ್ಮ ಯೇಸು ಅವತ್ತು ಎಲ್ಲಿ ಮಲಗಿದ್ದ ಅಣ್ಣಾ?" ಎಂದು ಒಂದು ದಿನ ಚುಚ್ಚಿದ್ದ.

"ನಾನೂ ಅದನ್ನೇ ಕೇಳ್ದೆ," ಎಂದಿದ್ದರು ಅವರು. "ಅವನು ಹೇಳಿದ್ದನ್ನ ಮಾಡೋಕಾಗುತ್ತಾ ಅಂತ ನಾನೇ ಇನ್ನೂ ನೋಡ್ತಾ ಇದ್ದೀನಿ. ನಿನಗೇನು ಹೇಳ್ಲಿ? ಮೊದಲು ಊಟ ಮಾಡು."

ಗ್ಯಾರೇಜಿನ ಮೂಲೆಯಲ್ಲಿ, ಟಾರ್ಪಾಲಿನ ಕೆಳಗೆ, ಮಗನ ನೀಲಿ ವ್ಯಾನು ನಿಂತಿತ್ತು. ಮಗ ಅದನ್ನು ಎಲ್ಲಾದರೂ ಉಜ್ಜಿಕೊಂಡು ಬಂದಾಗಲೆಲ್ಲ ನೆಗ್ಗಣ್ಣ ಬಾಯಿಗೆ ಬಂದಂತೆ ಬೈದು ತಟ್ಟಿಕೊಡುತ್ತಿದ್ದ. ಕೊನೆಯ ಸಲ ಮಾತ್ರ ಬೈಯಲಿಲ್ಲ, ಏನನ್ನೂ ಕೆದಕಲಿಲ್ಲ. ಊಟದ ಹೊತ್ತಿಗೆಲ್ಲ ಸರಿಮಾಡಿ ಬಣ್ಣ ಹೊಡೆದುಕೊಟ್ಟಿದ್ದ. ಈಗ ಅದೊಂದೇ ಸಮಾಧಾನ. ಕನ್ನಡಕದವರು ಒಮ್ಮೆ ಟಾರ್ಪಾಲು ಸರಿಸಿ, ವ್ಯಾನಿನ ಮೂತಿಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ತುಂಬ ಹೊತ್ತು ಅತ್ತಿದ್ದರು. ತನ್ನ ಮಗನಿಗಾಗಿ ಅಳುವ ಇನ್ನೊಂದು ಜೀವ ಉಂಟಲ್ಲ ಎಂದು ನೆಗ್ಗಣ್ಣನ ಕರುಳು ಕರಗಿತ್ತು.

ಸೇಡು ಮಾತ್ರ ಕರಗಿರಲಿಲ್ಲ. ಅವನು ಶಟರ್ ಎಳೆದ. ಸುತ್ತಿಗೆ ಎತ್ತಿಕೊಂಡ.

"ಯಾವ ಕಂಬ ಕಣೋ? ಹಳದಿ ಸ್ವೆಟರ್ ಹಾಕ್ಕೊಂಡಿದ್ದ ಕಂಬಾನಾ?"

ಕಾರಿನವನ ಮುಖ ಬಿಳಿಚಿಕೊಂಡಿತು. ಗೋಡೆಗೊರಗಿ ಹಾಗೇ ಕುಸಿದ. "ಭಯ ಆಯ್ತು... ನಿಲ್ಲಿಸ್ಲಿಲ್ಲ... ಇಷ್ಟು ದಿನ ಕಾರು ಮುಚ್ಚಿಟ್ಟಿದ್ದೆ..."

ಸುತ್ತಿಗೆ ತಲೆಯೆತ್ತರಕ್ಕೆ ಎದ್ದಿತು. ಅದರ ಕೆಳಗೆ, ಕಾರಿನವನಿಗೆ ಅಡ್ಡವಾಗಿ, ಕನ್ನಡಕದವರು ಬಂದು ನಿಂತಿದ್ದರು.

"ಇವನು ಠಾಣೆಗೆ ಬರ್ತಾನೆ ತಮ್ಮಾ. ನಾನೇ ಕರ್ಕೊಂಡು ಹೋಗ್ತೀನಿ. ಅದನ್ನ ಇಳಿಸು."

"ಜರುಗಿ ಅಣ್ಣಾ! ನಿಮಗೂ ಸೇರಿಸಿ ಬೀಳುತ್ತೆ. ಮಗನ್ನ ಕಳ್ಕೊಂಡವನ ಸಂಕಟ ನಿಮಗೇನ್ ಗೊತ್ತು?"

"ನಂಗೊಬ್ಬಳು ಮಗಳಿದ್ದಳು."

ಅದನ್ನು ಅವರು ಎಂದೂ ಹೇಳಿರಲಿಲ್ಲ. ಸುತ್ತಿಗೆ ಅಲ್ಲೇ ನಿಂತಿತು.

"ರಸ್ತೆ ದಾಟ್ತಿದ್ದಳು. ಗುದ್ದಿದವನು ನಿಲ್ಲಿಸ್ಲಿಲ್ಲ. ನೀಲಿ ವ್ಯಾನು. ಹುಡುಕ್ಕೊಂಡು ಹೊರಟೆ, ಬರಿಗೈಲಿ ಹೊರಟಿರ್ಲಿಲ್ಲ. ನಾನು ಬಂದು ಮುಟ್ಟೋ ಹೊತ್ತಿಗೆ ನೆಗ್ಗು ತೆಗೆದು, ಬಣ್ಣಾನೂ ಹೊಡೆದಾಗಿತ್ತು."

ನೆಗ್ಗಣ್ಣನ ಅಂಗೈಗೆ ಆ ತಗಡು ನೆನಪಾಯಿತು. ಅಗಲವಾಗಿ, ತಟ್ಟೆಯಂತೆ ತಗ್ಗು. ಮುಖ ಕೊಡದೆ ನಿಂತಿದ್ದ ಮಗ. ಕಂಬ ಕಣಪ್ಪಾ, ಅಂದಿದ್ದ. ಅಲ್ಲವೆಂದು ಕೈಗೆ ಗೊತ್ತಾಗಿತ್ತು. ಅದಕ್ಕೇ ಬಾಯಿ ಇನ್ನೇನೂ ಕೇಳಿರಲಿಲ್ಲ. ಸುತ್ತಿಗೆ ಕೈಜಾರಿ ನೆಲಕ್ಕೆ ಬಿತ್ತು.

"ಅವರು... ಸಿಕ್ಕಿದ್ರಾ ಅಣ್ಣಾ?" ಎಂದ ನೆಗ್ಗಣ್ಣ. "ಏನ್ ಮಾಡಿದ್ರಿ ಅವರಿಗೆ?"

"ಓಡಿಸಿದವನಿಗೆ ಹೆಗಲು ಕೊಟ್ಟೆ," ಎಂದರು ಕನ್ನಡಕದವರು, ಡಬ್ಬಿಯನ್ನು ಅವನ ಕಡೆಗೆ ಸರಿಸುತ್ತಾ. "ನೆಗ್ಗು ತೆಗೆದವನಿಗೆ ದಿನಾ ಊಟ ತರ್ತಿದ್ದೀನಿ."